ಹಿಂದಿನಿಂದ ನೋಡಿದ ಕಾರು

ಇಶಿಯೋಕಾ, ಇಬಾರಾಕಿ
2018 ನವೆಂಬರ್ 4

ಒನೋದೆರಾ ಸಚಿಯೆ ಅವರಿಗೆ,

ಕಾಗದ ಬರೆಯುವಾಗ ಮೊದಲು ಚಳಿ, ಎಲೆ, ಚಂದ್ರ ಎಂದು ಎರಡು ಸಾಲು ಬರೆಯಬೇಕಂತೆ. ನನಗೆ ಆ ಅಭ್ಯಾಸ ಇಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು ಪಂಪು ರಿಪೇರಿಗೆ ಕೂತವನು ನಾನು. ನೇರ ವಿಷಯಕ್ಕೆ ಬರುತ್ತೇನೆ. ನಿಮಗೆ ಕಾರು ಕೊಡುವುದಿಲ್ಲ.

ಕಾರು ಪತ್ರಿಕೆಯ ಕೊನೆಯ ಪುಟದಲ್ಲಿ ನಾನು ಕೊಟ್ಟ ಜಾಹೀರಾತನ್ನು ನೀವು ಪೂರ್ತಿ ಓದಿಲ್ಲ. ಫೋನ್ ಬೇಡ, ಕೈಯಲ್ಲಿ ಬರೆದ ಕಾಗದ ಸಾಕು ಎಂದಿದ್ದೆ, ಬರೆದಿದ್ದೀರಿ. ಚೌಕಾಶಿ ಬೇಡ ಎಂದಿದ್ದೆ; ಮಾಡಿಲ್ಲ. ಆದರೆ ತ್ಸುಚಿಯುರಾ ನೋಂದಣಿ ಕಚೇರಿಯ ಎಲ್ಲೆಯೊಳಗೆ ಇರುವವರೇ ಆಗಬೇಕು ಎಂದೂ ಬರೆದಿದ್ದೆ. ಅಕಿತಾ ಎಲ್ಲಿ, ತ್ಸುಚಿಯುರಾ ಎಲ್ಲಿ!

ನನ್ನ ಕಾರಿನ ನಂಬರ್ ಪ್ಲೇಟಿನ ಮೇಲೆ 'ತ್ಸುಚಿಯುರಾ 33' ಎಂದಿದೆ. ಈಗ ಕೊಡುವುದಕ್ಕೆಲ್ಲ ಮೂರಂಕಿ. ಎರಡೇ ಅಂಕಿ ಉಳಿದಿದೆ ಎಂದರೆ ಆ ಕಾರು ಹೊಸತಾಗಿ ಬಂದ ದಿನದಿಂದ ಈ ಕಚೇರಿಯ ಎಲ್ಲೆ ದಾಟಿ ಯಾರ ಪಾಲಿಗೂ ಹೋಗಿಲ್ಲ ಎಂದು ಅರ್ಥ. ಪೆಟ್ರೋಲ್ ಬಂಕಿನಲ್ಲಿ ತಿಳಿದವರು ಮೊದಲು ನೋಡುವುದು ಬಾನೆಟ್ಟನ್ನಲ್ಲ, ಆ ಎರಡು ಅಂಕಿಯನ್ನು. ನೀವು ಅದನ್ನು ಅಕಿತಾಕ್ಕೆ ಒಯ್ದರೆ ಪ್ಲೇಟು ಬಿಚ್ಚಿ ಕಚೇರಿಗೆ ಒಪ್ಪಿಸಬೇಕು. ಮುಗಿಯಿತು.

ಹಾಗಾದರೆ ಉತ್ತರ ಯಾಕೆ ಬರೆಯುತ್ತಿದ್ದೇನೆ? ಬೇರೆಯವರೆಲ್ಲ ಎಷ್ಟು ಓಡಿದೆ, ಎಷ್ಟು ಕುದುರೆಶಕ್ತಿ, ಎಷ್ಟಕ್ಕೆ ಬಿಡುತ್ತೀರಿ ಎಂದು ಕೇಳಿದ್ದರು. ನೀವೊಬ್ಬರೇ, ಬೆಳಿಗ್ಗೆ ತಣ್ಣಗಿರುವಾಗ ಅದು ಹೇಗೆ ಏಳುತ್ತದೆ ಎಂದು ಕೇಳಿದಿರಿ. ಕೇಳಿದವರಿಗೆ ಉತ್ತರ ಕೊಡಬೇಕು. ಮುನಿಸಿಕೊಂಡೇ ಏಳುತ್ತದೆ. ಕೆಮ್ಮುತ್ತದೆ, ಗೊಣಗುತ್ತದೆ. ನೀರು ಬಿಸಿಯಾದ ಮೇಲೆ ದನಿ ತಗ್ಗುತ್ತದೆ, ಅಲ್ಲಿಯವರೆಗೆ ಕೆಣಕಬಾರದು. ನನ್ನ ಹೆಂಡತಿ ಸೆತ್ಸು ಹೇಳುತ್ತಾಳೆ, "ಥೇಟ್ ನಿಮ್ಮ ಹಾಗೇನೇ. ಚಹಾ ಒಳಗೆ ಹೋಗೋ ತನಕ ಮಾತಾಡ್ಸೋ ಹಾಗಿಲ್ಲ."

1990ರಲ್ಲಿ ಹೊಸದಾಗಿ ಕೊಂಡ ಸ್ಕೈಲೈನ್, ಬೂದು ಬಣ್ಣ. ಕಾರ್ಖಾನೆಯಿಂದ ಎರಡು ಸಣ್ಣ ಟರ್ಬೊ ಇದ್ದವು. ನಾನು ಅವನ್ನಿಳಿಸಿ ಒಂದೇ ದೊಡ್ಡದನ್ನು ಕೂರಿಸಿದೆ. ನಮ್ಮದು ತಾವರೆಗೆಡ್ಡೆ ಬೆಳೆಯುವ ಸೀಮೆ. ಕೆಸರಿನಿಂದ ಗೆಡ್ಡೆ ಬಿಡಿಸಲು ನೀರನ್ನು ಜೋರಾಗಿ ಚಿಮ್ಮಿಸುವ ಪಂಪುಗಳನ್ನು ಜೀವಮಾನವಿಡೀ ರಿಪೇರಿ ಮಾಡಿದ್ದೇನೆ. ಟರ್ಬೊ ಬೇರೇನಲ್ಲ. ಎಂಜಿನ್ ಉಗುಳಿದ ಹೊಗೆಯಿಂದಲೇ ಚಕ್ರ ತಿರುಗಿಸಿ, ಎಂಜಿನ್ನಿಗೇ ಇನ್ನಷ್ಟು ಗಾಳಿ ತುರುಕುವ ಪಂಪು. ಹೊಗೆಯ ಕೊಳವೆಗಳನ್ನು ಬಗ್ಗಿಸಿದ್ದು ನಾನು, ಬೆಸೆದದ್ದು ನಾನು. ಎಲ್ಲವನ್ನೂ ಸರ್ಕಾರಿ ತಪಾಸಣೆಗೆ ಒಡ್ಡಿ ದಾಖಲೆಗೆ ಹತ್ತಿಸಿದ್ದೇನೆ. ಕದ್ದು ಹಾಕಿದ ಬೋಲ್ಟು ಒಂದೂ ಇಲ್ಲ.

ಅಡಿಯಲ್ಲಿ ಮಲಗಿ ಹುಡುಕಿದರೂ ತುಕ್ಕಿನ ಚುಕ್ಕೆ ಸಿಗದು. ನಿಮ್ಮ ಕಡೆ ಚಳಿಗಾಲದ ರಸ್ತೆಗೆ ಹಿಮ ಕರಗಲೆಂದು ಉಪ್ಪು ಸುರಿಯುತ್ತಾರೆ. ಅದು ಕಬ್ಬಿಣ ತಿನ್ನುತ್ತದೆ. ಆ ಉಪ್ಪು ಸುರಿಯುವವರ ಕೈ ಸೇದಿಹೋಗಲಿ.

ಹನಾವಾ ತೊಕುಜಿ


ಯೊಕೊತೆ, ಅಕಿತಾ
2018 ನವೆಂಬರ್ 12

ಹನಾವಾ ಹಿರಿಯರಿಗೆ ನಮಸ್ಕಾರಗಳು.

ಇಲ್ಲಿ ಹಿಮ ಗುಡ್ಡದ ಅರ್ಧದವರೆಗೆ ಇಳಿದು ಬಂದಿದೆ. ನಾಳೆಯೋ ನಾಡಿದ್ದೋ ಅಂಗಳಕ್ಕೆ ಬರುತ್ತದೆ. ಕ್ಷಮಿಸಿ, ನಾನು ಆ ಎರಡು ಸಾಲು ಬರೆಯುವವಳು.

ನನ್ನ ಕೈ ಇನ್ನೂ ಸೇದಿಹೋಗಿಲ್ಲ. ಉಪ್ಪು ಸುರಿಯುವವಳು ನಾನೇ.

ಬೇಸಿಗೆಯಲ್ಲಿ ರಸ್ತೆ ರಿಪೇರಿ, ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿ ಓಡಿಸುವುದು ನನ್ನ ಕೆಲಸ. ಗಾಡಿಯ ಹಿಂದೆಯೇ ಉಪ್ಪಿನ ತೊಟ್ಟಿ ಇರುತ್ತದೆ. ಯಾವ ರಸ್ತೆಗೆ ಯಾವಾಗ ಕೊನೆಯ ಸಲ ಸುರಿದೆ, ಯಾವ ಮಳೆಗೆ ಅದು ಪೂರ್ತಿ ತೊಳೆದುಹೋಯಿತು ಎನ್ನುವುದು ನನಗಿಂತ ಚೆನ್ನಾಗಿ ಈ ಊರಿನಲ್ಲಿ ಯಾರಿಗೂ ಗೊತ್ತಿರಲಾರದು. ಕಾರು ನನ್ನ ಕೈಗೆ ಬಂದರೆ ಚೆರಿ ಅರಳಿದ ಮೇಲೆಯೇ ಅದು ರಸ್ತೆಗೆ ಇಳಿಯುತ್ತದೆ, ಮೊದಲ ಹಿಮಕ್ಕೆ ಮುಂಚೆ ಒಳಗೆ ಸೇರುತ್ತದೆ.

ಯಾಕೆ ಬೇಕು ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನನಗೆ ನಲವತ್ತೊಂದು. ಚಳಿಗಾಲಗಳನ್ನೆಲ್ಲ ನಡಿಗೆಯ ವೇಗದಲ್ಲಿ ಕಳೆದಿದ್ದೇನೆ. ಹಾಲಿನವನು, ಆಂಬುಲೆನ್ಸು, ಶಾಲೆಯ ಬಸ್ಸು, ಎಲ್ಲರಿಗೂ ದಾರಿ ಬಿಡಿಸಿಕೊಟ್ಟಿದ್ದೇನೆ. ಆ ದಾರಿಯಲ್ಲಿ ನಾನು ಒಂದು ಸಲವೂ ಜೋರಾಗಿ ಹೋಗಿಲ್ಲ.

ಪ್ಲೇಟಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದು ಹೋಗುತ್ತದೆ, ನಿಜ.

ಕೇಳಬಾರದ್ದನ್ನು ಕೇಳುತ್ತಿದ್ದೇನೇನೋ: ಇಷ್ಟು ಪ್ರೀತಿಯ ಕಾರನ್ನು ಮಾರುತ್ತಿರುವುದು ಮೈಯಲ್ಲಿ ಹುಷಾರಿಲ್ಲ ಎಂದೇ?

ಒನೋದೆರಾ ಸಚಿಯೆ


ಇಶಿಯೋಕಾ
2018 ನವೆಂಬರ್ 19

ಒನೋದೆರಾ ಅವರಿಗೆ,

ಹುಷಾರಿಲ್ಲದಿರುವುದು ನಿಮ್ಮ ಉಪ್ಪಿನ ತೊಟ್ಟಿಗೆ. ನಾನು ಗಟ್ಟಿಯಾಗಿದ್ದೇನೆ. ನಿನ್ನೆಯೂ ಒಂದು ಪಂಪನ್ನು ಒಬ್ಬನೇ ಎತ್ತಿ ಮೇಜಿನ ಮೇಲಿಟ್ಟೆ. ಇನ್ನು ಆ ಮಾತು ಎತ್ತಬೇಡಿ.

ಉಪ್ಪು ಸುರಿಯುವವಳೇ ನನ್ನ ಕಾರು ಕೇಳುತ್ತಾಳೆ! ನಿಮ್ಮ ಕಾಗದವನ್ನು ಸೆತ್ಸುಗೆ ಓದಿ ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು. "ಕೊಟ್ಟುಬಿಡಿ ರೀ, ಇಷ್ಟು ಧೈರ್ಯವಾಗಿ ನಿಮ್ಮ ಮುಖಕ್ಕೆ ಹೇಳಿದೋರು ಬೇರೆ ಯಾರಿದ್ದಾರೆ" ಎಂದಳು. ಅವಳಿಗೆ ಕಾರು ಹೋದರೆ ಸಾಕು. ಆ ಜಾಗದಲ್ಲಿ ಉಪ್ಪಿನಕಾಯಿ ಭರಣಿ ಇಡುತ್ತಾಳಂತೆ.

ಈ ವಾರ ಯೊಕೊಹಾಮಾದಿಂದ ಒಬ್ಬ ದಲ್ಲಾಳಿ ಬಂದಿದ್ದ. ಕೈಗೆ ಬಿಳಿ ಗ್ಲೌಸು. ಇಂಥ ಹಳೆಯ ಕಾರುಗಳಿಗೆ ಅಮೆರಿಕದಲ್ಲಿ ಈಗ ಹುಚ್ಚು ಹಿಡಿದಿದೆಯಂತೆ, ನಾನು ಕೇಳಿದ್ದರ ಎಷ್ಟೋ ಪಟ್ಟು ಕೊಡುತ್ತಾನಂತೆ.

"ಅಲ್ಲಿ ಓಡಿಸ್ತಾರಾ?" ಎಂದು ಕೇಳಿದೆ.

"ಓಡಿಸೋದಾ? ಛೆ ಛೆ, ಗಾಜಿನ ಮನೆಯಲ್ಲಿ ಇಡ್ತಾರೆ ಸಾರ್. ಎಸಿ ಹಾಕಿ!"

ಪಂಪಿನ ಪೈಪು ಕೈಯಲ್ಲೇ ಇತ್ತು. ಅವನ ಗ್ಲೌಸು ಈಗ ಬಿಳಿ ಇಲ್ಲ.

ಹಿಮ ಬೀಳುವ ಮುಂಚೆ ಒಂದು ಭಾನುವಾರ ಬನ್ನಿ. ಕೊಡುತ್ತೇನೆ ಎಂದು ಹೇಳಿಲ್ಲ. ನೋಡಲು ಬನ್ನಿ.

ಹನಾವಾ


ಯೊಕೊತೆ
2018 ಡಿಸೆಂಬರ್ 3

ಹನಾವಾ ಹಿರಿಯರಿಗೆ,

ಮನೆಗೆ ಬಂದು ತಲುಪಿದರೂ ಅಂಗೈಯಲ್ಲಿ ಇನ್ನೂ ಸ್ಟೀರಿಂಗಿನ ನಡುಕ ಇದೆ. ಸೆತ್ಸು ಅಮ್ಮನವರು ಕಟ್ಟಿಕೊಟ್ಟ ತಾವರೆಗೆಡ್ಡೆ ಪಲ್ಯವನ್ನು ರೈಲಿನಲ್ಲೇ ತಿಂದು ಮುಗಿಸಿದೆ. ಮನೆಯವರಿಗೆ ಡಬ್ಬಿ ಮಾತ್ರ ತೋರಿಸಿದೆ.

ಒಂದು ಮಾತು ಅಲ್ಲಿ ಹೇಳಲು ಬಾಯಿ ಬರಲಿಲ್ಲ. ಗ್ಯಾರೇಜಿನ ಬಾಗಿಲು ತೆಗೆದ ಕೂಡಲೇ ನೀವು ಕೀಲಿ ನನ್ನ ಕೈಗಿಟ್ಟಿರಿ. ಮೊದಲು ನೀವು ಓಡಿಸಿ ತೋರಿಸುತ್ತೀರಿ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದುಕೊಂಡಿದ್ದೆ. ನೀವು ಆ ಕಡೆ ಹೋಗಿ ಕೂತು "ಹ್ಞೂಂ, ಹೊರಡು" ಎಂದಿರಿ. ಗುರುತು ಪರಿಚಯ ಇಲ್ಲದವಳನ್ನು ಇಷ್ಟು ನಂಬಿದ್ದಕ್ಕೆ ಹೇಗೆ ಕೃತಜ್ಞತೆ ಹೇಳಲಿ?

ಗುಡ್ಡದ ದಾರಿಯಲ್ಲಿ ಟರ್ಬೊ ಎದ್ದಾಗ ಬೆನ್ನನ್ನು ಯಾರೋ ಅಂಗೈಯಿಂದ ಒತ್ತಿ ತಳ್ಳಿದ ಹಾಗಾಯಿತು. ನಾನು ಕೂಗಿದೆನಂತೆ. ನನಗೆ ನೆನಪಿಲ್ಲ.

ನಿಮ್ಮ ತೀರ್ಮಾನ ಏನೇ ಇರಲಿ, ಆ ಭಾನುವಾರ ನನ್ನದು.

ಸಚಿಯೆ


ಇಶಿಯೋಕಾ
2018 ಡಿಸೆಂಬರ್ 10

ಸಚಿಯೆಗೆ,

ಇನ್ನು ಬಹುವಚನ ಬೇಡ. ನನ್ನ ಕಾರು ಓಡಿಸಿದವಳನ್ನು 'ನೀವು' ಎಂದು ಕರೆಯಲು ನನಗೆ ಪುರುಸೊತ್ತಿಲ್ಲ.

ಕೂಗಿದೆ. ನನ್ನ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಮೂರನೇ ಗೇರಿಗೆ ತಡವಾಗಿ ಹೋಗುತ್ತೀಯ. ತಿರುವಿನಲ್ಲಿ ಹಿಮ ತಳ್ಳುವವಳ ಹಾಗೆ ಅಂಚಿಗೆ ಅಂಟಿಕೊಳ್ಳುತ್ತೀಯ. ಇದೆಲ್ಲ ತಿದ್ದಬಹುದು.

ಆದರೆ ಗುಡ್ಡ ಹತ್ತಿ ಇಳಿದು ಬಂದ ಮೇಲೆ ನೀನು ಎಂಜಿನ್ ಆರಿಸಲಿಲ್ಲ. ಬಾಗಿಲು ತೆಗೆದು, ಒಂದು ಕಾಲು ಹೊರಗಿಟ್ಟು, ಸುಮ್ಮನೆ ಕೂತು ಅದರ ಉಸಿರು ಇಳಿಯುವುದನ್ನು ಕೇಳಿಸಿಕೊಂಡೆ. ಟರ್ಬೊ ಕೆಂಡದ ಹಾಗೆ ಕಾದಿರುತ್ತದೆ. ಓಡಿದ ಕೂಡಲೇ ಆರಿಸಿದರೆ ಒಳಗಿನ ಎಣ್ಣೆ ಸುಟ್ಟು ಕರಕಲಾಗುತ್ತದೆ. ನಾನು ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ನೀನು ಕಾದೆ. ಆಗಲೇ ನಾನು ಮನಸ್ಸಿನಲ್ಲಿ ಪ್ಲೇಟು ಬಿಚ್ಚಿಯಾಗಿತ್ತು.

ಕಾರು ನಿನ್ನದು. ಕಾರ್ಖಾನೆಯಿಂದ ಬಂದ ಹಳೆಯ ಭಾಗಗಳೆಲ್ಲ ಅಟ್ಟದ ಮೇಲೆ ಪೆಟ್ಟಿಗೆಗಳಲ್ಲಿವೆ, ಅವೂ ಬರುತ್ತವೆ. ನಾನು ಕೂರಿಸಿದ್ದನ್ನು ಕಳಚಬೇಡ, ಅಷ್ಟೇ.

ನೀನು ನಿನ್ನ ಊರಿನ ಪೊಲೀಸರಿಂದ ಕಾರು ನಿಲ್ಲಿಸುವ ಜಾಗದ ಪ್ರಮಾಣಪತ್ರ ತೆಗೆದುಕೋ. ಅದಿಲ್ಲದೆ ನಿನ್ನ ಹೆಸರಿಗೆ ಆಗದು. ಹೊಸ ವರ್ಷಕ್ಕೆ ಮಾಡಿಸಿಬಿಡು. ಫೆಬ್ರವರಿಯ ಒಳಗೆ ಎಲ್ಲ ಗಟ್ಟಿಯಾಗಬೇಕು. ಯಾಕೆ ಎಂದು ಕೇಳಬೇಡ.

ತೊಕುಜಿ


ಇಶಿಯೋಕಾ
2019 ಜನವರಿ 21

ಸಚಿಯೆ,

ಹೊಸ ವರ್ಷ ಬಂದು ಹೋಯಿತು. ಹಬ್ಬದ ಕಾರ್ಡು ಬಂತು, ಇದು ಹಂದಿಯ ವರ್ಷವೆಂದು ಅದರಲ್ಲಿ ಹಂದಿಯ ಚಿತ್ರ ಇತ್ತು. ಪೊಲೀಸ್ ಕಾಗದದ ಸುದ್ದಿ ಇರಲಿಲ್ಲ. ನನಗೆ ಹಂದಿ ಬೇಡ.

ಬೆಲೆ ಇಳಿಯಲಿ ಎಂದು ಕಾಯುತ್ತಿದ್ದೀಯಾ? ಆ ಗ್ಲೌಸಿನವನು ಮತ್ತೆ ಎರಡು ಸಲ ಬಂದಿದ್ದ. ಈಗ ಗೇಟಿನ ಹೊರಗೇ ನಿಂತು ಮಾತಾಡುತ್ತಾನೆ. ನಿನಗೆ ಬೇಡವಾದರೆ ಬೇಡ ಎಂದು ಹೇಳುವ ಮರ್ಯಾದೆ ಇಟ್ಟುಕೋ. ಹಿಮ ತಳ್ಳುವವಳಿಗೆ ಒಂದು ಸಾಲು ಬರೆಯುವಷ್ಟು ಕೈ ಇಲ್ಲವೇ?

ಹನಾವಾ


ಯೊಕೊತೆ
2019 ಜನವರಿ 28

ಹನಾವಾ ಹಿರಿಯರಿಗೆ,

ಹಿಮ ಬಿಡುತ್ತಿಲ್ಲ. ಬೆಳಕು ಹರಿಯುವ ಮುಂಚೆ ಹೊರಟರೆ ತಳ್ಳಿದ ದಾರಿ ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಆದರೆ ಬರೆಯದೆ ಇದ್ದದ್ದಕ್ಕೆ ಹಿಮ ಕಾರಣವಲ್ಲ. ನಾಚಿಕೆ.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಕಾರು ಇಡಬೇಕು ಎಂದುಕೊಂಡಿರುವ ಶೆಡ್ಡು ನನ್ನದಲ್ಲ, ನನ್ನ ಅತ್ತೆಯದು. ಜಾಗದ ಯಜಮಾನರು ಒಪ್ಪಿಗೆಯ ಕಾಗದದ ಮೇಲೆ ತಮ್ಮ ಹೆಸರಿನ ಮುದ್ರೆ ಒತ್ತದೆ ಪೊಲೀಸರು ಪ್ರಮಾಣಪತ್ರ ಕೊಡುವುದಿಲ್ಲ. ಅತ್ತೆ ಕಿನುಯೊ, ಎಪ್ಪತ್ತೊಂಬತ್ತು. ಆ ಶೆಡ್ಡಿನಲ್ಲಿ ಪ್ರತಿ ವರ್ಷ ಮೂಲಂಗಿ ನೇತುಹಾಕಿ, ಕೆಳಗೆ ಕಟ್ಟಿಗೆ ಉರಿಸಿ ಹೊಗೆ ಹಿಡಿಸುತ್ತಾರೆ. ಅದೇ ಮೂಲಂಗಿಯಿಂದ ಉಪ್ಪಿನಕಾಯಿ. ಊರಲ್ಲೆಲ್ಲ ಅವರ ಕೈಯ ಉಪ್ಪಿನಕಾಯಿಗೆ ಹೆಸರಿದೆ.

ಕಾಗದ ಮುಂದಿಟ್ಟಾಗ ಆದ ಮಾತು ಇದು:

"ಇದೇನು?"

"ಕಾರು ಇಡೋಕೆ, ಅತ್ತೆ."

"ಕಾರು ಇದೆಯಲ್ಲ, ಮಸಾಶಿದು."

"ಇದು ನನ್ನದು."

"ನಿಂದಾ? ಸೊಸೆಗೊಂದು ಕಾರು, ಅದಕ್ಕೊಂದು ಮನೆ. ನನ್ನ ಮೂಲಂಗಿ ಎಲ್ಲಿಗೆ ಹೋಗ್ಬೇಕು, ನಿನ್ನ ತವರಿಗಾ?"

ನನ್ನ ಗಂಡ ಮಸಾಶಿ ಒಳ್ಳೆಯವನು, ಆದರೆ ಅಮ್ಮನ ಮುಂದೆ ಟಿವಿ ನೋಡುವವನು. ಬೇರೆ ಕಾರಣವೂ ಇದೆ. ಅತ್ತೆ ಇನ್ನೂ ಪುಟ್ಟ ಟ್ರಕ್ಕು ಓಡಿಸುತ್ತಾರೆ. ಹಿಮದಲ್ಲಿ ಎರಡು ಸಲ ಚರಂಡಿಗೆ ಇಳಿಸಿದ್ದಾರೆ. ಲೈಸೆನ್ಸು ಹಿಂದೆ ಕೊಟ್ಟುಬಿಡಿ ಎಂದು ನಾನೇ ಹೇಳಿದ್ದೆ. ಅಂದಿನಿಂದ ನನ್ನ ಜೊತೆ ಸರಿಯಾಗಿ ಮಾತಿಲ್ಲ. "ನನ್ನ ಟ್ರಕ್ಕು ಕಿತ್ಕೊಂಡು ನಿನ್ನ ಕಾರು ತರ್ತೀಯಾ" ಎನ್ನುತ್ತಾರೆ.

ನಿಮ್ಮನ್ನು ಕಾಯಿಸಿದ್ದು ತಪ್ಪು. ಬೇರೆ ಯಾರಿಗಾದರೂ ಕೊಡಿ. ಗ್ಲೌಸಿನವನಿಗೆ ಮಾತ್ರ ಬೇಡ.

ಸಚಿಯೆ


ಇಶಿಯೋಕಾ
2019 ಫೆಬ್ರವರಿ 2

ಸಚಿಯೆ,

ಯಾರಿಗೆ ಕೊಡಬೇಕು ಎಂದು ನನಗೆ ಹೇಳಿಕೊಡಬೇಡ.

ಹೋದ ಕಾಗದದಲ್ಲಿ ಮರ್ಯಾದೆ ಗಿರ್ಯಾದೆ ಎಂದು ಬರೆದೆ. ಅದನ್ನು ಒಲೆಗೆ ಹಾಕು. ನೀನು ಒಂದು ವಿಷಯ ಮುಚ್ಚಿಟ್ಟಿದ್ದೆ, ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ. ಲೆಕ್ಕ ಸಮ ಮಾಡೋಣ.

ಕೀಲಿ ನಿನ್ನ ಕೈಗೆ ಕೊಟ್ಟದ್ದು ನಂಬಿಕೆಯಿಂದಲ್ಲ. ಅಕ್ಟೋಬರಿನಲ್ಲಿ ಗದ್ದೆಯ ಬದಿಯ ದಾರಿಯಲ್ಲಿ ಬರುತ್ತಿದ್ದೆ. ಗೆಡ್ಡೆ ತುಂಬಿದ ಲಾರಿಯೊಂದು ಗದ್ದೆಯಿಂದ ರಿವರ್ಸ್‌ನಲ್ಲಿ ನನ್ನೆದುರಿಗೆ ಬಂತು. ನೋಡಿದೆ. ಬ್ರೇಕ್ ತುಳಿ ಎಂದು ಕಾಲಿಗೆ ಹೇಳಿದೆ. ಕಾಲು ತಡವಾಗಿ ಹೋಯಿತು. ತಾಗಲಿಲ್ಲ, ಗೇಣಿನಷ್ಟು ದೂರದಲ್ಲಿ ನಿಂತಿತು. ಲಾರಿಯವನಿಗೆ ಗೊತ್ತೂ ಆಗಲಿಲ್ಲ, ಕೈ ಬೀಸಿ ಹೋದ. ಆದರೆ ನನಗೆ ಗೊತ್ತಾಯಿತು. ಪಂಪಿನ ಬೇರಿಂಗು ಸವೆದರೆ ಮೊದಲು ಗೊತ್ತಾಗುವುದು ಪಂಪಿಗೆ.

ಎಪ್ಪತ್ತೈದಾದವರಿಗೆ ನೆನಪಿನ ಪರೀಕ್ಷೆ ಇಡುತ್ತಾರಲ್ಲ, ಅದರಲ್ಲಿ ನಾನು ಚೆನ್ನಾಗಿ ಪಾಸಾಗಿದ್ದೇನೆ. ಶಾಲೆಯಲ್ಲೂ ಅಷ್ಟು ಅಂಕ ಬಂದಿರಲಿಲ್ಲ. ಲೈಸೆನ್ಸು ಇನ್ನೂ ಮೂರು ವರ್ಷ ಸಿಗುತ್ತದೆ. ಬೇಡ. ಫೆಬ್ರವರಿ 20, ನನ್ನ ಹುಟ್ಟುಹಬ್ಬದ ದಿನ ಅದನ್ನು ನಾನೇ ಒಯ್ದು ಕೊಡುತ್ತೇನೆ. ಯಾರೂ ಕೇಳಿಲ್ಲ. ಕೇಳುವವರೆಗೆ ಕಾಯಬಾರದು. ಇನ್ನೊಬ್ಬ ನನ್ನ ಕೈಯಿಂದ ಕಿತ್ತುಕೊಳ್ಳುವಂತಾಗಬಾರದು. ಕಾರು ಯಾರದೆಂದು ಗಟ್ಟಿಯಾದ ಮೇಲೆ ಕೊಡಬೇಕು ಎಂದಿದ್ದೆ. ಓಡಿಸಬಲ್ಲವನೇ ಮಾರಿದ ಕಾರು ಎನಿಸಿಕೊಳ್ಳಬೇಕು ಅದು, ಓಡಿಸಲಾರದವನು ಬಿಟ್ಟುಹೋದದ್ದಲ್ಲ.

ನಿನ್ನ ಅತ್ತೆಗೆ ಲೈಸೆನ್ಸು ಕೊಡು ಎಂದು ಹೇಳಿದ್ದು ತಪ್ಪು. ಅವರದನ್ನು ಅವರೇ ನೋಡಿಕೊಳ್ಳುತ್ತಾರೆ. ಹೋಗಿ ಕ್ಷಮೆ ಕೇಳು. ಕಾರಿಗೋಸ್ಕರ ಅಲ್ಲ.

ಇಪ್ಪತ್ತರವರೆಗೆ ಕಾಯುತ್ತೇನೆ.

ತೊಕುಜಿ


ಯೊಕೊತೆ
2019 ಫೆಬ್ರವರಿ 11

ತೊಕುಜಿ ಹಿರಿಯರಿಗೆ,

ಹಿಮ ನಿಂತಿದೆ. ಇವತ್ತು ಮೊದಲ ಬಾರಿಗೆ ಬಿಸಿಲು.

ಕ್ಷಮೆ ಕೇಳಿದೆ. ಅತ್ತೆ "ಹೂಂ" ಎಂದರು, ಅಷ್ಟೆ. ಆಮೇಲೆ, "ಯಾರು ಹೇಳಿಕೊಟ್ಟರು?" ಎಂದರು. ನಿಮ್ಮ ಕಾಗದ ತೆಗೆದು ಓದಿದೆ. ತಪ್ಪಾದರೆ ಬೈಯಿರಿ. ಪೂರ್ತಿ ಓದಿದೆ, ಬೇರಿಂಗು ಕೂಡ. ಅತ್ತೆ ಕುದಿಯುವ ಕೆಟಲನ್ನು ಒಲೆಯಿಂದ ಇಳಿಸಲೇ ಇಲ್ಲ. ಕೊನೆಗೆ ಕೇಳಿದರು:

"ಆ ಮುದುಕ ಪಾಸಾಗಿದ್ದಾನಾ?"

"ಹೌದು."

"ಆದ್ರೂ ಕೊಡ್ತಾನಾ?"

"ಹೌದು ಅತ್ತೆ."

"ಕೊಬ್ಬು" ಎಂದರು. ಆದರೆ ಬೈದ ಹಾಗೆ ಇರಲಿಲ್ಲ, ಸಂಬಂಧಿಕರ ಬಗ್ಗೆ ಹೇಳುವ ಹಾಗಿತ್ತು.

ಮರುದಿನ ಬೆಳಿಗ್ಗೆ ನಾನು ಕೆಲಸ ಮುಗಿಸಿ ಬಂದಾಗ ಒಪ್ಪಿಗೆಯ ಕಾಗದ ಅನ್ನದ ಬಟ್ಟಲಿನ ಕೆಳಗಿತ್ತು. ಕೆಂಪು ಮುದ್ರೆ, ನೆಟ್ಟಗೆ, ಒಂದಿಷ್ಟೂ ಹರಡದೆ. ಅತ್ತೆ ಆಚೆಯ ಕೋಣೆಯಿಂದಲೇ ಕೂಗಿ ಹೇಳಿದರು: "ಆ ಮುದುಕನಿಗೆ ಬರಿ. ಮುದ್ರೆ ಕೊಟ್ಟಿದ್ದೀನಿ, ಲೈಸೆನ್ಸು ಕೊಡಲ್ಲ!"

"ಮೂಲಂಗಿ, ಅತ್ತೆ?"

"ಪಕ್ಕದ ಮನೆ ಶೆಡ್ಡು ಖಾಲಿ ಬಿದ್ದಿದೆ. ಮೂಲಂಗಿಗೆ ಪೊಲೀಸ್ ಕಾಗದ ಬೇಡವಲ್ಲ."

ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಿದ್ದೇನೆ. ಉಪ್ಪು ತೊಳೆದುಹೋದ ಮೇಲೆ, ಏಪ್ರಿಲ್ ಕೊನೆಗೆ ಬಂದು ಒಯ್ಯುತ್ತೇನೆ. ನೀವು ಕೀಲಿ ಕೊಟ್ಟದ್ದು ನಂಬಿಕೆಯಿಂದಲ್ಲ ಎಂದಿರಿ. ಸರಿ. ನಾನು ಮಾತ್ರ ನಂಬಿಕೆಯೆಂದೇ ಇಟ್ಟುಕೊಂಡಿರುತ್ತೇನೆ.

ಸಚಿಯೆ


ಇಶಿಯೋಕಾ
2019 ಫೆಬ್ರವರಿ 20

ಸಚಿಯೆ,

ಈ ಕಾಗದವನ್ನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಶುರು ಮಾಡುತ್ತಿದ್ದೇನೆ. ನನ್ನನ್ನು ಹಿಡಿದಿಲ್ಲ.

ಬೆಳಿಗ್ಗೆ ಕಾರು ತೊಳೆದೆ. ಮದುವೆಗೆ ಹಾಕುವ ಕೋಟು ಹಾಕಿದೆ. ಕೊನೆಯ ಸಲ ಎಂದು ಸರೋವರದ ದಂಡೆಯ ಮೇಲೆ ಸುತ್ತು ಹಾಕಿಕೊಂಡು ಬಂದೆ, ನಡಿಗೆಯ ವೇಗದಲ್ಲಿ, ನಿನ್ನ ಹಿಮದ ಗಾಡಿಯ ಹಾಗೆ. ಹಿಂದೆ ಸಾಲುಗಟ್ಟಿದವರು ಯಾರೂ ಹಾರ್ನ್ ಹಾಕಲಿಲ್ಲ. ಠಾಣೆಯ ಅಂಗಳದಲ್ಲಿ ಗೆರೆಯ ನಡುವೆ ನೆಟ್ಟಗೆ ನಿಲ್ಲಿಸಿ, ಅದರ ಉಸಿರು ಇಳಿಯುವವರೆಗೆ ಕಾದು, ಒಳಗೆ ಹೋಗಿ ಲೈಸೆನ್ಸು ಕೊಟ್ಟೆ.

ಎಳೆಯ ಕಾನ್‌ಸ್ಟೇಬಲ್ ಎರಡೂ ಕೈಯಿಂದ ತೆಗೆದುಕೊಂಡು, ಬಗ್ಗಿ, "ಇಷ್ಟು ವರ್ಷ ಜೋಪಾನವಾಗಿ ಓಡಿಸಿದಿರಿ, ಇನ್ನು ದಣಿವಾರಿಸಿಕೊಳ್ಳಿ" ಎಂದ. ಅದಕ್ಕೊಂದು ತೂತು ಹೊಡೆದು, ನೆನಪಿಗೆ ಇಟ್ಟುಕೊಳ್ಳಿ ಎಂದು ವಾಪಸು ಕೊಟ್ಟ. ನಾನೂ ಬಗ್ಗಿದೆ. ಎಲ್ಲ ಸರಿಯಾಗಿ ಆಯಿತು. ಆಮೇಲೆ ಅವನು ಕೇಳಿದ:

"ತಾತ, ಮನೆಗೆ ಹೇಗೆ ಹೋಗ್ತೀರಿ?"

"ಹೇಗೆ ಅಂದ್ರೆ? ಬಂದ ಹಾಗೆ."

ಅವನು ಕಿಟಕಿಯಿಂದ ಹೊರಗೆ ನೋಡಿದ. ನಾನೂ ನೋಡಿದೆ. ಕಾರು ಹೊಳೆಯುತ್ತಾ ನಿಂತಿತ್ತು. ಅವನು ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆ ತಳ್ಳಿದ.

ಸೆತ್ಸು ಟ್ಯಾಕ್ಸಿಯಲ್ಲಿ ಬಂದಿದ್ದಾಳೆ. ಅವಳದು ಗೇರ್ ಇಲ್ಲದ ಕಾರಿಗೆ ಮಾತ್ರ ಲೈಸೆನ್ಸು. ಈಗ ಬೈಯುತ್ತಿದ್ದಾಳೆ, ಮುಗಿದ ಮೇಲೆ ಬರೆಯುತ್ತೇನೆ.

ಫೆಬ್ರವರಿ 21, ಮನೆಯಲ್ಲಿ

ಮುಗಿಯಿತು. "ಎಂಥಾ ಮನುಷ್ಯ ರೀ ನೀವು! ಲೈಸೆನ್ಸ್ ವಾಪಸ್ ಕೊಡೋಕೆ ಕಾರು ಓಡಿಸ್ಕೊಂಡು ಬರೋರು ಇಡೀ ದೇಶದಲ್ಲಿ ನೀವೊಬ್ಬರೇ!" ಎಂದಳು. ಕಾನ್‌ಸ್ಟೇಬಲ್ ಅವಳನ್ನು ಸಮಾಧಾನ ಮಾಡಿದ: "ಇಲ್ಲಮ್ಮ, ಆಗಾಗ ಬರ್ತಾನೇ ಇರ್ತಾರೆ." ಆಮೇಲೆ ನನ್ನ ಕಡೆ ತಿರುಗಿ, ಕಣ್ಣರಳಿಸಿ, "ಬೇಕಾದ್ರೆ ನಾನೇ ಓಡಿಸಿ ತಂದುಬಿಡ್ಲಾ ತಾತ?" ಎಂದ.

"ಕ್ಲಚ್ ತುಳಿದಿದ್ದೀಯಾ?"

"ಕಲಿಯೋವಾಗ ತುಳಿದಿದ್ದೆ."

"ಹಾಗಾದ್ರೆ ದೂರ ನಿಲ್ಲು."

ಎತ್ತಿಕೊಂಡು ಹೋಗುವ ಲಾರಿ ಕರೆಸೋಣ ಎಂದರು. ನಾನು ಒಪ್ಪಲಿಲ್ಲ, ಅದು ಹೆಣವಲ್ಲ. ಸೆತ್ಸು ನೆಮೊತೊಗೆ ಫೋನ್ ಮಾಡಿದಳು. ತಾವರೆಗದ್ದೆಯವನು, ಅವನ ಪಂಪುಗಳಿಗೆಲ್ಲ ನಾನೇ ವೈದ್ಯ. ಅವನು ತನ್ನ ಗದ್ದೆಯ ಜನರನ್ನೆಲ್ಲ ಕರೆದುಕೊಂಡು ಎದೆಯವರೆಗಿನ ರಬ್ಬರ್ ಉಡುಪಿನಲ್ಲಿ, ಕೆಸರು ಸುರಿಸಿಕೊಂಡೇ ಠಾಣೆಗೆ ಬಂದ. "ತೊಕು ಅಣ್ಣ, ಕೊನೆಗೂ ಒಳಗೆ ಹಾಕಿದ್ರಾ?" ಎಂದು ಬಾಗಿಲಲ್ಲೇ ಕೂಗಿದ.

ಎಂಜಿನ್ ಹಚ್ಚದೆ ತಳ್ಳಿಕೊಂಡು ಹೋದರೆ ಅದು ಓಡಿಸಿದ ಹಾಗಲ್ಲ ಎಂದು ಕಾನ್‌ಸ್ಟೇಬಲ್ ಮೇಲಿನವರನ್ನು ಕೇಳಿ ಹೇಳಿದ. ಸೆತ್ಸು ಸ್ಟೀರಿಂಗ್ ಹಿಡಿದಳು. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು. ನಾನೂ ಗದ್ದೆಯವರೂ ಹಿಂದಿನಿಂದ ತಳ್ಳಿದೆವು. ಗೇಟಿನವರೆಗೆ ಆ ಕಾನ್‌ಸ್ಟೇಬಲ್ಲೂ ತಳ್ಳಿದ, ಮುಟ್ಟಿದ್ದಷ್ಟೇ ಲಾಭ ಎಂದು.

"ಏನ್ರೀ ಇದು, ತಿರುಗೋದೇ ಇಲ್ಲ! ಇದನ್ನಾ ಇಷ್ಟು ವರ್ಷ ಮುದ್ದು ಮಾಡಿದ್ದು!" ಎಂದು ಅವಳು ಕಿಟಕಿಯಿಂದ ದಾರಿಯುದ್ದಕ್ಕೂ ಕೂಗಿದಳು.

ನಮ್ಮ ಗದ್ದೆಗಳ ನಡುವಿನ ದಾರಿ ಸಮತಟ್ಟು. ಒಂದು ಕಡೆ ಸ್ವಲ್ಪ ಇಳಿಜಾರು ಬಂತು. ಕಾರು ತಾನಾಗಿ ನಮ್ಮ ಕೈ ಬಿಟ್ಟು ಮುಂದೆ ಹೋಯಿತು. ನಾನು ನಿಂತುಬಿಟ್ಟೆ. ಸಚಿಯೆ, ನಾನು ಆ ಕಾರನ್ನು ಹಿಂದಿನಿಂದ ನೋಡಿರಲೇ ಇಲ್ಲ. ನಿಂತಿದ್ದಾಗ ನೋಡಿದ್ದೇನೆ, ಒರೆಸಿದ್ದೇನೆ. ಹೋಗುತ್ತಿರುವಾಗ ನೋಡಿಲ್ಲ. ಯಾವಾಗಲೂ ಒಳಗೆ ಇರುತ್ತಿದ್ದವನು ನಾನೇ ಅಲ್ಲವೇ? ಅಗಲ ಬೆನ್ನು, ನೆಲಕ್ಕೆ ತಗ್ಗಿ, ಅಲುಗಾಡದೆ ಹೋಗುತ್ತಿತ್ತು. ಸೆತ್ಸು ಹೆದರಿ ಬ್ರೇಕ್ ತುಳಿದಳು. ನಾಲ್ಕು ದುಂಡು ದೀಪ ಒಟ್ಟಿಗೆ ಕೆಂಪಗೆ ಹತ್ತಿದವು, ನಡುವೆ ಆ ಎರಡಂಕಿ.

"ಅಬ್ಬ" ಎಂದೆ.

"ಏನಾಯ್ತಣ್ಣ?" ಎಂದ ನೆಮೊತೊ.

"ಎಷ್ಟು ಚೆನ್ನಾಗಿದೆ ನೋಡೋ."

"ನಾವು ಅದನ್ನೇ ನೋಡ್ಕೊಂಡು ಬಂದಿದ್ದೀವಿ, ಇಷ್ಟು ವರ್ಷ. ನಿಂಗೆ ಈಗ ಗೊತ್ತಾಯ್ತಾ?"

ಏಪ್ರಿಲ್‌ವರೆಗೆ ಗ್ಯಾರೇಜಿನಲ್ಲಿ ಇರುತ್ತದೆ. ವಾರಕ್ಕೊಮ್ಮೆ ಎಂಜಿನ್ ಎಬ್ಬಿಸುತ್ತೇನೆ. ಅದಕ್ಕೆ ಲೈಸೆನ್ಸು ಬೇಡ.

ನಿನ್ನ ಅತ್ತೆಗೆ ಹೇಳು: ಲೈಸೆನ್ಸು ಕೊಡುವ ದಿನ ಬಂದರೆ ಬಸ್ಸಿನಲ್ಲಿ ಹೋಗಲಿ.

ತೊಕುಜಿ


ಯೊಕೊತೆ
2019 ಮೇ 8

ತೊಕುಜಿ ಹಿರಿಯರಿಗೆ,

ಗುಡ್ಡದ ತುದಿಯಲ್ಲಿ ಮಾತ್ರ ಹಿಮ ಉಳಿದಿದೆ, ಕೆಳಗೆ ಚೆರಿ ಉದುರಿ ಸೇಬಿನ ಹೂವು ಬಂದಿದೆ.

ನಿಮ್ಮ ಮನೆಯಿಂದ ಹೊರಟಾಗ ಕನ್ನಡಿಯಲ್ಲಿ ನಿಮ್ಮನ್ನು ನೋಡಿದೆ. ಗೇಟಿನಲ್ಲಿ ಕೈ ಕಟ್ಟಿ ನಿಂತಿದ್ದಿರಿ. ತಿರುವಿನಲ್ಲಿ ಬೇಕೆಂದೇ ಎರಡು ಸಲ ಬ್ರೇಕ್ ತುಳಿದೆ, ನಾಲ್ಕೂ ದೀಪ ಹತ್ತಲಿ ಎಂದು. ಕಂಡಿತೇ?

ಗುಡ್ಡ ದಾಟಿದ ಮೇಲೆ ಮೂರನೇ ಗೇರಿಗೆ ಸರಿಯಾದ ಹೊತ್ತಿಗೆ ಹೋದೆ. ಕೂಗಲಿಲ್ಲ. ಸ್ವಲ್ಪ ಕೂಗಿದೆ.

ಅಕಿತಾ ಕಚೇರಿಯಲ್ಲಿ ಹೊಸ ಪ್ಲೇಟು ಕೊಟ್ಟರು. ಮೂರಂಕಿಯದು, ಅದಕ್ಕೆ ನಾನೇನೂ ಮಾಡಲಾಗಲಿಲ್ಲ. ಆದರೆ ಕೊನೆಯ ನಾಲ್ಕು ಅಂಕಿಯನ್ನು ಅರ್ಜಿ ಕೊಟ್ಟು ಆರಿಸಿಕೊಳ್ಳಬಹುದು. ನಿಮ್ಮದೇ 27-64. ಹಳೆಯದನ್ನು ಕಳೆದುಕೊಳ್ಳಬೇಕಾಗಿಲ್ಲ ಎಂದು ಅಲ್ಲಿ ಹೋದ ಮೇಲೆ ಗೊತ್ತಾಯಿತು: ಮತ್ತೆ ಬಳಸಲಾಗದಂತೆ ತೂತು ಹೊಡೆದು ನೆನಪಿಗೆ ಕೊಡುತ್ತಾರೆ. ಹಿಂದಿನ ಪ್ಲೇಟು ನಿಮಗೆ, ಈ ಪೊಟ್ಟಣದಲ್ಲಿದೆ. ಮುಂದಿನದನ್ನು ನಾನು ಇಟ್ಟುಕೊಂಡಿದ್ದೇನೆ.

ಅದರ ಜೊತೆಗಿರುವ ಉಪ್ಪಿನಕಾಯಿ ಅತ್ತೆಯದು. ಮೊನ್ನೆ ಅದನ್ನೇ ತಮ್ಮ ತಂಗಿಯ ಮನೆಗೆ ಕೊಡಬೇಕು ಎಂದು ನನ್ನ ಪಕ್ಕದಲ್ಲಿ ಕೂತು ಬಂದರು. ಟ್ರಕ್ಕು ರಿಪೇರಿಯಲ್ಲಿತ್ತು, ಈ ಸಲ ಚರಂಡಿ ಅಲ್ಲ, ಕಂಬ. ಭರಣಿಯನ್ನು ತೊಡೆಯ ಮೇಲೆ ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದರು. ಗುಡ್ಡದ ದಾರಿಯಲ್ಲಿ ಟರ್ಬೊ ಎದ್ದಿತು. ಹೆದರಿದರೇನೋ ಎಂದು ನಾನು ಕಾಲು ತೆಗೆದೆ. ಒಂದು ಕಣ್ಣು ಬಿಟ್ಟು ಹೇಳಿದರು:

"ಯಾಕೆ ನಿಲ್ಲಿಸ್ದೆ? ಆ ಮುದುಕ ಇಷ್ಟಕ್ಕೇನಾ ಕಟ್ಟಿದ್ದು?"

ಸಚಿಯೆ


ಇಶಿಯೋಕಾ
2019 ಮೇ 15

ಸಚಿಯೆ,

ತಾವರೆಯ ಮೊದಲ ಎಲೆಗಳು ನೀರಿನ ಮೇಲೆ ಬಂದಿವೆ, ಇನ್ನೂ ಸುರುಳಿ ಬಿಚ್ಚಿಲ್ಲ. ಸೆತ್ಸು ಹಿಂದಿನಿಂದ ಇಣುಕಿ ನೋಡಿ, "ಏನ್ರೀ, ಎಲೆ ಗಿಲೆ ಅಂತ ಬರೀತಿದ್ದೀರಾ! ಜ್ವರ ಬಂತಾ?" ಎನ್ನುತ್ತಿದ್ದಾಳೆ.

ದೀಪ ಕಂಡಿತು. ಎರಡು ಸಲವೂ. ಆಮೇಲೆ ನೀನು ಗುಡ್ಡದ ಆಚೆ ಮೂರನೇ ಗೇರಿಗೆ ಹೋದದ್ದು ಕೇಳಿಸಿತು. ಕೂಗಿದ್ದು ಕೇಳಿಸಲಿಲ್ಲ, ಕೊಳವೆಯ ದನಿ ನಿನ್ನ ದನಿಗಿಂತ ದೊಡ್ಡದು. ಬೆಸೆದವನು ನಾನು.

ಅತ್ತೆಯ ಉಪ್ಪಿನಕಾಯಿ ತಿಂದೆ. ಹೊಗೆ ಚೆನ್ನಾಗಿ ಹಿಡಿದಿದೆ. ಹೊಗೆಯ ವಿಷಯ ನನಗೆ ಗೊತ್ತು, ಸುಮ್ಮನೆ ಹೊಗಳುವುದಿಲ್ಲ. ಹಾಗಂತ ಹೇಳು.

ಪ್ಲೇಟನ್ನು ಅಂಗಡಿಯ ಗೋಡೆಗೆ, ವೆಲ್ಡಿಂಗ್ ಮೇಜಿನ ಎದುರಿಗೆ ಹೊಡೆದಿದ್ದೇನೆ. ಪಕ್ಕದಲ್ಲಿ ತೂತು ಹೊಡೆದ ಲೈಸೆನ್ಸು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಸೆತ್ಸುವಿನ ಭರಣಿಗಳು ಸಾಲಾಗಿ ಕೂತಿವೆ. ನಿನ್ನೆ ನೆಮೊತೊ ಪಂಪು ತಂದಿದ್ದ. ಗೋಡೆಯನ್ನು ಬಹಳ ಹೊತ್ತು ನೋಡಿದ.

"ತೊಕು ಅಣ್ಣ, ಇಷ್ಟು ಒಳ್ಳೆ ಪ್ಲೇಟಿಗೆ ಈ ತೂತು ಯಾಕೆ?"

"ಅಲ್ಲಿಂದಲೇ ಕಾರು ಹೊರಗೆ ಹೋಗಿದ್ದು" ಎಂದೆ.

ತೊಕುಜಿ